ಮೇಲೆ ಯಾರನ್ನು ನೋಡುತ್ತಿದ್ದಳು ಕಾವೇರಿ?

ಮಗುವನ್ನು ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ. ನೋಡದಿದ್ದರೆ ಆಟದಲ್ಲಿ ಮುಳುಗಿದೆ ಅಂದುಕೊಂಡು ಇನ್ನೊಮ್ಮೆ ಕರೆಯುತ್ತೇವೆ. ಮೂರನೆಯ ಸಲ ಕರೆದಾಗ ಅದು ನಿಧಾನವಾಗಿ ತಿರುಗಿ, ತನ್ನದಲ್ಲದ ದನಿಯಲ್ಲಿ, ನೀವು ಕರೆದವಳು ಇಲ್ಲಿ ಇಲ್ಲ ಅಂದರೆ ಏನು ಮಾಡುವುದು?

ಕಗ್ಗದಾಸಪುರದ ರೈಲ್ವೆ ಗೇಟಿನ ಹಿಂದಿನ ಓಣಿಯಲ್ಲಿ ಹುಸೇನಮ್ಮನಿಗೆ ಹೀಗೇ ಆಯಿತು.

ಆ ಓಣಿಯಲ್ಲಿ ತಗಡಿನ ಮಾಡಿನ ಆರು ಬಾಡಿಗೆ ಕೋಣೆಗಳು ಸಾಲಾಗಿ ಇವೆ. ಅಲ್ಲಿರುವವರು ಹೆಚ್ಚಾಗಿ ಕೊಪ್ಪಳ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮೂರನೆಯ ಕೋಣೆ ಶಿವಪುತ್ರನದು. ಅವನು ಕಂಬಿ ಕಟ್ಟುತ್ತಾನೆ. ಹೆಂಡತಿ ಜಯಮಾಲಾ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿರುವ ಫಾಯಿಜಾ ಅವರ ಟೈಲರ್ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಾಳೆ, ಬ್ಲೌಸಿಗೆ ಹುಕ್ಕು ಹಾಕುತ್ತಾಳೆ. ಅವರ ಮಗಳು ಕಾವೇರಿಗೆ ಐದು ವರ್ಷ. ಅವಳನ್ನು ನೋಡಿಕೊಳ್ಳಲು ಶಿವಪುತ್ರನ ತಾಯಿ ಹುಸೇನಮ್ಮ ಹುಲಿಗಿ ಹತ್ತಿರದ ಊರಿನಿಂದ ಬಂದು ಒಂದು ವರ್ಷವಾಗಿತ್ತು.

ಕೋಣೆಗಳ ಎದುರಿಗೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ನಾಲ್ಕು ಮಹಡಿ ಆಗಿತ್ತು, ಗೋಡೆ ಬಂದಿರಲಿಲ್ಲ. ಸುತ್ತ ಹಸಿರು ಬಲೆ ಬಟ್ಟೆ ಕಟ್ಟಿದ್ದರು. ಗೇಟಿನಲ್ಲಿ ರೈಲು ಹೋದಾಗಲೆಲ್ಲ ಮಾಡಿನ ತಗಡು ನಡುಗುತ್ತಿತ್ತು. ಆ ಹಸಿರು ಬಲೆ ಯಾರೋ ಒಳಗಿನಿಂದ ಉಸಿರು ಎಳೆದುಕೊಂಡ ಹಾಗೆ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬರುತ್ತಿತ್ತು. ಶಿವಪುತ್ರನ ಕೆಲಸ ಅದೇ ಕಟ್ಟಡದಲ್ಲಿ.

ಕಥೆ ಶುರುವಾಗಿದ್ದು ಸಂತೋಷದಿಂದ. ಒಂದು ದಿನ ಜಯಮಾಲಾ ಮಗಳನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಫಾಯಿಜಾ ಉಳಿದ ಲೈನಿಂಗ್ ಬಟ್ಟೆಯಲ್ಲಿ ಎರಡಡಿ ಕೆಂಪನ್ನು ಕತ್ತರಿಸಿ ಅವಳ ಬೆನ್ನಿಗೆ ಇಳಿಬಿಟ್ಟು ಕುತ್ತಿಗೆಗೆ ಗಂಟು ಹಾಕಿದರು. ಕಪ್ಪು ಚೂರೊಂದರಲ್ಲಿ ಎರಡು ತೂತು ಮಾಡಿ ಕಣ್ಣಿಗೆ ಕಟ್ಟಿದರು. ಈಗ ನೀನು ಯಾರು ಅಂತ ಕೇಳಿದರು. ಕಾವೇರಿ ತನ್ನ ಎರಡೂ ಅಂಗೈ ನೋಡಿಕೊಂಡು ಸ್ವಲ್ಪ ಯೋಚಿಸಿ, "ಗಟ್ಟಿಕೈ," ಅಂದಳು.

ಆಮೇಲೆ ಓಣಿಗೆ ಹಬ್ಬ ಬಂದ ಹಾಗಾಯಿತು. ಯಾರ ಮನೆಯ ಬಾಟಲಿ ಮುಚ್ಚಳ ಬಿಗಿಯಾಗಿದ್ದರೂ ಗಟ್ಟಿಕೈ ಓಡಿ ಬರುತ್ತಿದ್ದಳು. ಖಾಲಿ ಸಿಲಿಂಡರಿಗೆ ಕೈ ಕೊಟ್ಟು ಮುಖ ಕೆಂಪಾಗಿಸಿ, ಎತ್ತಿದೆ ಅಂತ ತಾನೇ ಹೇಳಿಕೊಳ್ಳುತ್ತಿದ್ದಳು. ಕೊಡಕ್ಕೆ ಬಿದ್ದ ಇರುವೆಯನ್ನು ಬೆರಳ ಮೇಲೆ ಎತ್ತಿ ದಡ ಸೇರಿಸುತ್ತಿದ್ದಳು. ಓಡುವಾಗ ಕೆಂಪು ಬಟ್ಟೆ ಹಿಂದೆ ಹಾರಬೇಕು, ಹಾರಿತೋ ಇಲ್ಲವೋ ಅಂತ ತಿರುಗಿ ತಿರುಗಿ ನೋಡುತ್ತಿದ್ದಳು. ಹಾರಿದ್ದು ಕಂಡರೆ ಅವಳ ನಗು ಆರು ಕೋಣೆಗೂ ಕೇಳುತ್ತಿತ್ತು.

ಅವಳ ದೊಡ್ಡ ಗಿರಾಕಿ ಮೊದಲನೆಯ ಕೋಣೆಯ ರಾಮು. ಕಲಬುರಗಿ ಕಡೆಯವನು, ಸೆಂಟ್ರಿಂಗ್ ಕೆಲಸದವನು, ಒಂಟಿ ಮನುಷ್ಯ. ಅವನು ದಿನಾ ಮಧ್ಯಾಹ್ನ ನೀರಿನ ಬಾಟಲಿ ತಂದು, ಇದು ನನ್ನ ಕೈಲಿ ಆಗವಲ್ದು ಅಂತ ಅವಳ ಮುಂದೆ ಹಿಡಿಯುತ್ತಿದ್ದ. ಮುಚ್ಚಳವನ್ನು ಮೊದಲೇ ಸಡಿಲ ಮಾಡಿರುತ್ತಿದ್ದ. ಅದು ಕಾವೇರಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಒಂದು ಬುಧವಾರ ರಾಮು ಮೂರನೆಯ ಮಹಡಿಯಿಂದ ಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ದೊಡ್ಡವರು ಮಕ್ಕಳನ್ನೆಲ್ಲ ಒಳಗೆ ಕರೆದು ಬಾಗಿಲು ಹಾಕಿದರು. ರಾಮು ಎಲ್ಲಿ ಅಂತ ಕೇಳಿದ ಮಕ್ಕಳಿಗೆ, ಊರಿಗೆ ಹೋದ ಅಂತ ಹೇಳಿದರು. ಸಣ್ಣ ಮಕ್ಕಳಿಗೆ ಸಾವಿನ ಮಾತು ಯಾಕೆ ಅಂತ ಎಲ್ಲರೂ ಅಂದುಕೊಂಡರು. ಅಲ್ಲಿದ್ದಿದ್ದರೆ ನಾವೂ ಹಾಗೇ ಅಂದುಕೊಳ್ಳುತ್ತಿದ್ದೆವು.

ಎರಡು ದಿನ ಬಿಟ್ಟು, ಶುಕ್ರವಾರ ಸಂಜೆ, ಹುಸೇನಮ್ಮ ಮೊಮ್ಮಗಳನ್ನು ಚಹಾಕ್ಕೆ ಕರೆದಳು. ಕಾವೇರಿ ಕೆಂಪು ಬಟ್ಟೆ, ಕಪ್ಪು ಮುಖವಾಡ ಕಟ್ಟಿಕೊಂಡು ತಗಡಿನ ಬೇಲಿಯ ಹತ್ತಿರ ನಿಂತಿದ್ದಳು. ಓಡುತ್ತಿರಲಿಲ್ಲ, ನಗುತ್ತಿರಲಿಲ್ಲ. ಕತ್ತು ಎತ್ತಿ ಮೂರನೆಯ ಮಹಡಿ ನೋಡುತ್ತಿದ್ದಳು. ಅಜ್ಜಿ ಮೂರು ಸಲ ಕರೆದಳು.

"ಕಾವೇರಿ ಇಲ್ಲ," ಅಂದಳು ಹುಡುಗಿ. ದನಿ ಗಂಟಲ ತಳದಿಂದ ಬಂದಿತ್ತು. "ನಾ ಗಟ್ಟಿಕೈ."

ಆಮೇಲೆ ಮತ್ತೆ ಕಟ್ಟಡದ ಕಡೆ ತಿರುಗಿದಳು. ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ಅಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ ಮೆಲ್ಲಗೆ ಹೇಳಿದಳು.

"ಬಾ. ನಾ ಕೆಳಗ ಅದೀನಿ."

ಮೇಲೆ ಯಾರೂ ಇರಲಿಲ್ಲ. ಆ ಕಡೆಯ ಕೆಲಸ ನಿಲ್ಲಿಸಿದ್ದರು. ಬಲೆ ಹರಿದ ಕಡೆ ಸ್ಲ್ಯಾಬಿನ ಅಂಚಿನಲ್ಲಿ ಒಂದು ಚಪ್ಪಲಿ ಮಾತ್ರ ಇತ್ತು. ಅದು ರಾಮುವಿನದು, ಎತ್ತಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಹುಸೇನಮ್ಮ ಕೆಟ್ಟವಳಲ್ಲ. ಮೊಮ್ಮಗಳು ಅಂದರೆ ಅವಳಿಗೆ ಜೀವ. ಆದರೆ ಅವಳ ಊರಿನಲ್ಲಿ ಒಂದು ಪದ್ಧತಿ ಇದೆ. ಯಾರ ಮೈಮೇಲಾದರೂ ದೇವರೋ ಗಾಳಿಯೋ ಬಂದರೆ ಅವರನ್ನು ಅವರ ಹೆಸರಿನಿಂದ ಕರೆಯಬಾರದು. ಕುಂಕುಮ ಇಟ್ಟು, ಮುಂದೆ ಕೂತು, ನೀನು ಯಾರು, ಎಲ್ಲಿರುತ್ತಿ, ಯಾರಿಗಾಗಿ ಬಂದಿ, ನಿನಗೇನು ಬೇಕು ಅಂತ ಮರ್ಯಾದೆಯಿಂದ ಕೇಳಬೇಕು. ಉತ್ತರ ಬಂದಂತೆ ನಡೆಯಬೇಕು. ಆ ಊರಿನಲ್ಲಿ ದೊಡ್ಡವರನ್ನು ಹಾಗೆ ಕೇಳುವುದನ್ನು ಅವಳು ನೂರು ಸಲ ನೋಡಿದ್ದಳು. ಇಲ್ಲಿ ಐದು ವರ್ಷದ ಮಗುವನ್ನು ಹಾಗೇ ಕೇಳತೊಡಗಿದಳು.

ದಿನಾ ಸಂಜೆ ಗಟ್ಟಿಕೈಯ ಹಣೆಗೆ ಕುಂಕುಮ, ಮುಂದೆ ಒಂದು ನಿಂಬೆಹಣ್ಣು. ಎಲ್ಲಿರುತ್ತಿ ಅಂದರೆ ಹುಡುಗಿ ಮೇಲೆ ಅಂತ ಬೆರಳು ಮಾಡುತ್ತಿದ್ದಳು. ಯಾರಿಗಾಗಿ ಬಂದಿ ಅಂದರೆ ರಾಮು ಮಾಮನಿಗಾಗಿ ಅನ್ನುತ್ತಿದ್ದಳು. ಏನು ಬೇಕು ಅಂತ ಕೇಳಿದ ದಿನ ಮಾತ್ರ ಬಹಳ ಹೊತ್ತು ಯೋಚಿಸಿ, ಅದೇ ತಳದ ದನಿಯಲ್ಲಿ, ಮಂಡಕ್ಕಿ ಮಿರ್ಚಿ ಅಂದಳು. ಹುಸೇನಮ್ಮ ಮಿರ್ಚಿ ಕರಿದು ಕೊಟ್ಟಳು.

ಜಯಮಾಲಾ ಇದನ್ನು ಅಂಗಡಿಯಲ್ಲಿ ಹೇಳಿದಾಗ ಫಾಯಿಜಾ ಸೂಜಿ ಕೆಳಗಿಟ್ಟು ನಕ್ಕರು. "ಅರೆ ಜಯಾ, ಮಿರ್ಚಿ ಕೇಳೋ ದೆವ್ವನಾ? ನಮ್ಮನೇಲಿ ಅಂಥವು ಮೂರಿವೆ. ಕಬಾಬ್ ಇಲ್ದೆ ಮಾತೇ ಆಡಲ್ಲ." ಜಯಮಾಲಾ ಕೂಡ ನಕ್ಕಳು. ಅರ್ಧ ಮನಸ್ಸು ಹಗುರವಾಯಿತು.

ಆ ನಗು ಎರಡು ದಿನ ಉಳಿಯಿತು. ಮುಂದಿನ ವಾರದ ಶನಿವಾರ ಮಗುವಿಗೆ ಎಣ್ಣೆ ನೀರು ಹಾಕುವಾಗ ಹುಸೇನಮ್ಮ ಅವಳ ಕುತ್ತಿಗೆ ನೋಡಿದಳು. ಸುತ್ತ ಒಂದು ಕೆಂಪು ಗೆರೆ. ಬೆರಳು ಒತ್ತಿ ಹಿಡಿದು ಬಿಟ್ಟ ಹಾಗೆ ಇತ್ತು. ಸೊಸೆಯನ್ನು ಕರೆದು ತೋರಿಸಿದಳು. ಹೊರಗೆ ರೈಲು ಹೋಯಿತು, ತಗಡು ನಡುಗಿತು.

ಅವತ್ತು ಸಂಜೆ ಓಣಿಯ ಹೆಂಗಸರು ಕೆಲವರು ಬಂದು ಸುಮ್ಮನೆ ಕೂತರು. ಗಟ್ಟಿಕೈಯನ್ನು ನೋಡಲೆಂದೇ ಬಂದಿದ್ದರು. ಅಷ್ಟು ಜನ ಕೂತಿದ್ದು ಕಂಡು ಮಗುವಿನ ದನಿ ಇನ್ನೂ ತಳಕ್ಕೆ ಇಳಿಯಿತು. ಹುಸೇನಮ್ಮ ಕೈಮುಗಿದು, ರಾಮು ಆದ ಮೇಲೆ ಯಾರವ್ವ ಅಂತ ಕೇಳಿಬಿಟ್ಟಳು.

ಕಾವೇರಿ ಕಟ್ಟಡದ ಕಡೆ ನೋಡಿದಳು. "ಅಪ್ಪ," ಅಂದಳು.

ಕೂತಿದ್ದವರಲ್ಲಿ ಒಬ್ಬಳು ಎದ್ದು ತನ್ನ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಶಿವಪುತ್ರ ಆಗ ತಾನೇ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಕಾಲಿಗೆ ಸಿಮೆಂಟು ಹತ್ತಿತ್ತು.

ಮರುದಿನ ಹುಸೇನಮ್ಮ ತಮ್ಮ ಸೀಮೆಯವನೊಬ್ಬನಿಗೆ ಫೋನು ಮಾಡಿಸಿದಳು. ಅವನು ಕೆ.ಆರ್. ಪುರದಲ್ಲಿ ಇರುತ್ತಾನೆ, ಗಾಳಿ ಬಿಡಿಸುತ್ತಾನೆ. ಎಂಟು ದಿನ ಬಿಟ್ಟು ಸೋಮವಾರ ಅಮಾವಾಸ್ಯೆ, ಅವತ್ತು ಬೆಳಿಗ್ಗೆ ಬರುತ್ತೇನೆ ಅಂದ. ಆ ಕೆಂಪು ಬಟ್ಟೆಯನ್ನು ಸುಡಬೇಕು, ಕಾದ ಬಳೆ ಚೂರಿನಿಂದ ಮಗುವಿನ ಹೊಟ್ಟೆಯ ಮೇಲೆ ಎರಡು ಬರೆ ಎಳೆಯಬೇಕು, ಆಗ ಹಿಡಿದದ್ದು ಬಿಟ್ಟು ಹೋಗುತ್ತದೆ ಅಂದ. ಮೂರು ಜನ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಗುತ್ತದೆ ಅಂತಲೂ ಹೇಳಿದ. ಜಯಮಾಲಾ ಬೇಡ ಅನ್ನಲಿಲ್ಲ. ಗಂಡನಿಗೆ ಏನಾದರೂ ಆದರೆ ಅನ್ನುವ ಭಯ ಅವಳ ಬಾಯಿ ಕಟ್ಟಿತ್ತು.

ಬುಧವಾರ ಅಂಗನವಾಡಿ ಟೀಚರ್ ಮುನಿವೆಂಕಟಮ್ಮ ಮನೆಗೆ ಬಂದರು. ಅವರು ಇದೇ ಕಗ್ಗದಾಸಪುರದವರು. ಈ ಜಾಗ ಹಳ್ಳಿಯಾಗಿದ್ದ ಕಾಲ ಅವರಿಗೆ ನೆನಪಿದೆ. ಕಾವೇರಿ ನಾಲ್ಕು ದಿನದಿಂದ ಅಂಗನವಾಡಿಗೆ ಬಂದಿಲ್ಲವೆಂದು ಹುಡುಕಿಕೊಂಡು ಬಂದಿದ್ದರು. ಜಯಮಾಲಾ ಎಲ್ಲವನ್ನೂ ಹೇಳಿದಳು. ಬರೆಯ ಮಾತು ಕೇಳಿ ಟೀಚರ್ ಹುಸೇನಮ್ಮನ ಮುಂದೆ ಹೋಗಿ ಕೂತರು.

ಬರೆ ಹಾಕಿಸಬೇಡಿ, ಅದು ಗಾಯವಾಗಿ ಕೀವಾಗುತ್ತೆ, ಮಗು ಜನ್ಮದಲ್ಲಿ ಮರೆಯಲ್ಲ, ಕಾನೂನಿನಲ್ಲೂ ಅದು ಅಪರಾಧ ಅಂತ ಬೇಡಿಕೊಂಡರು. ಹುಸೇನಮ್ಮ ಒಪ್ಪಲಿಲ್ಲ. ತನಗೂ ಸಣ್ಣವಳಿದ್ದಾಗ ಬರೆ ಹಾಕಿದ್ದರು, ತಾನೇನು ಸತ್ತೆನೇ ಅಂತ ಕೇಳಿದಳು. ಆಗ ಟೀಚರ್ ಹೇಗಾದರೂ ಮಾಡಿ ಈ ಮಾತು ಮುಗಿಸಬೇಕೆಂದು, ಒಂದು ನಾಲ್ಕು ದಿನ ಆ ಬಟ್ಟೆ ಕಿತ್ತು ಎತ್ತಿಡಿ, ಆಟ ಮರೆತುಹೋಗುತ್ತೆ ಅಂದುಬಿಟ್ಟರು.

ಇದು ಅವರು ಮಾಡಿದ ತಪ್ಪು. ಅವರೇ ಆಮೇಲೆ ಹಾಗೆ ಹೇಳಿಕೊಂಡರು. ಆದ್ದರಿಂದ ಇಲ್ಲಿ ಬರೆದಿದೆ.

ಬಟ್ಟೆ ಟ್ರಂಕಿನೊಳಗೆ ಹೋಯಿತು. ಮರುದಿನ ಬೆಳಿಗ್ಗೆ ಶಿವಪುತ್ರ ಕೆಲಸಕ್ಕೆ ಹೊರಟಾಗ ಕಾವೇರಿ ಅವನ ಕಾಲು ತಬ್ಬಿ ಹಿಡಿದಳು. ಬಿಡಿಸಿದರೆ ಕಿರುಚಿದಳು. ಮಧ್ಯಾಹ್ನ ಊಟ ಮಾಡಲಿಲ್ಲ. ಚಾಪೆಯಲ್ಲೇ ಉಚ್ಚೆ ಹೊಯ್ದುಕೊಂಡಳು. ಸಂಜೆ ಬೇಲಿಯ ಹತ್ತಿರ ಹೋಗಿ ನಿಂತಳು, ಬಟ್ಟೆ ಇಲ್ಲದೆಯೇ. ಈ ಸಲ ಅವಳ ಕೈ ನಡುಗುತ್ತಿತ್ತು. ಬಾ ಅನ್ನಲಿಲ್ಲ. ಬರಬ್ಯಾಡ, ಬರಬ್ಯಾಡ ಅಂತ ಮೇಲೆ ನೋಡಿ ಅಳುತ್ತಿದ್ದಳು.

ನೋಡಿದಿರಾ, ಬಟ್ಟೆ ತೆಗೆದ ಮೇಲೆ ಅದಕ್ಕೆ ಸಿಟ್ಟು ಬಂತು ಅಂತ ಹುಸೇನಮ್ಮ ವಿಚಾರಿಸಲು ಬಂದ ಟೀಚರಿಗೆ ಹೇಳಿದಳು.

ಟೀಚರಿಗೆ ಎರಡು ದಿನ ಊಟ ಸೇರಲಿಲ್ಲ. ಶನಿವಾರ ತಮ್ಮ ಮೇಲ್ವಿಚಾರಕಿಗೆ ಫೋನು ಮಾಡಿ ನಡೆದಿದ್ದನ್ನೆಲ್ಲ ಒಪ್ಪಿಸಿದರು. ಮೇಲ್ವಿಚಾರಕಿ ಬೈಯಲಿಲ್ಲ. ವೇಷದ ಆಟ ಶುರುವಾಗಿದ್ದು ಯಾವತ್ತು, ಹೀಗೆ ನಿಲ್ಲೋದು ಶುರುವಾಗಿದ್ದು ಯಾವತ್ತು, ಎರಡನ್ನೂ ಬೇರೆ ಬೇರೆಯಾಗಿ ಕೇಳಿದ್ರಾ ಅಂತ ಕೇಳಿದರು. ಟೀಚರ್ ಕೇಳಿರಲಿಲ್ಲ. ಬೆರಳಿನಲ್ಲಿ ದಿನ ಎಣಿಸಿದರು. ಆಟಕ್ಕೂ ನಿಲ್ಲುವುದಕ್ಕೂ ನಡುವೆ ಒಂದು ಬುಧವಾರ ಇತ್ತು, ರಾಮು ಬಿದ್ದ ಬುಧವಾರ.

ಭಾನುವಾರ ಸಂಜೆ ಐದಕ್ಕೆ ಅವರು ಮತ್ತೆ ಬಂದರು. ಮರುದಿನ ಅಮಾವಾಸ್ಯೆ. ಮೂಲೆಯಲ್ಲಿ ನಿಂಬೆಹಣ್ಣು, ಬಳೆ ಚೂರು, ಇದ್ದಿಲು ಒಂದು ಮೊರದಲ್ಲಿ ಸಿದ್ಧವಾಗಿದ್ದವು. ಶಿವಪುತ್ರ ಅರ್ಧ ದಿನದ ಕೆಲಸ ಮುಗಿಸಿ ಮನೆಯಲ್ಲೇ ಇದ್ದ.

"ಬಟ್ಟೆ ಎತ್ತಿಡಿ ಅಂದಿದ್ದು ನನ್ನ ತಪ್ಪು ಕಣಮ್ಮ," ಅಂದರು ಟೀಚರ್. "ವಾಪಸ್ ಕೊಡಿ. ಒಂದು ಗಂಟೆ ಟೈಮ್ ಕೊಡಿ ನಂಗೆ. ಆಮೇಲೆ ನೀವು ಹೇಳಿದ ಹಾಗೆ."

ಟ್ರಂಕಿನಿಂದ ಬಟ್ಟೆ ಬಂತು. ಅಲ್ಲಿಯವರೆಗೂ ಗೋಡೆಗೆ ಮುಖ ಮಾಡಿ ಕೂತಿದ್ದ ಕಾವೇರಿ ತಾನಾಗಿಯೇ ಎದ್ದು ಬಂದಳು. ಟೀಚರ್ ಬಟ್ಟೆ ಕಟ್ಟುವ ಮೊದಲು ಅದರ ಹಳೆಯ ಗಂಟನ್ನು ಮಗುವಿನ ಕುತ್ತಿಗೆಯ ಗೆರೆಯ ಮೇಲೆ ಇಟ್ಟು ಅಜ್ಜಿಗೆ ತೋರಿಸಿದರು. ಗಂಟು ಗೆರೆಯ ಮೇಲೆ ಸರಿಯಾಗಿ ಕೂತಿತು. ನಾಲ್ಕು ದಿನ ಕಟ್ಟದೆ ಇದ್ದುದಕ್ಕೆ ಗೆರೆ ಮಾಸುತ್ತ ಬಂದಿತ್ತು. ಹುಸೇನಮ್ಮ ಬಗ್ಗಿ ನೋಡಿದಳು, ಬೆರಳಿನಿಂದ ಮುಟ್ಟಿ ನೋಡಿದಳು. ಟೀಚರ್ ಗಂಟು ಬಿಚ್ಚಿ, ಬಟ್ಟೆಯನ್ನು ಫ್ರಾಕಿನ ಎರಡು ಭುಜಕ್ಕೆ ಪಿನ್ನು ಹಾಕಿ ಸಿಕ್ಕಿಸಿದರು.

ಕಾವೇರಿ ಮುಖವಾಡ ಕಟ್ಟಿಕೊಂಡು ನೆಟ್ಟಗೆ ಬೇಲಿಯ ಹತ್ತಿರ ಹೋದಳು. ನಡುಕ ನಿಂತಿತ್ತು. ಕೈ ಚಾಚಿದಳು. ಟೀಚರ್ ಪಕ್ಕದಲ್ಲಿ ಹೋಗಿ ತಾವೂ ಕತ್ತೆತ್ತಿ ನಿಂತರು. ಬಿಸಿಲು ಇಳಿದಿತ್ತು. ಗಾಳಿ ಇರಲಿಲ್ಲ, ಆದರೂ ಹಸಿರು ಬಲೆ ಒಮ್ಮೆ ಒಳಕ್ಕೆ ಹೋಗಿ ಹೊರಕ್ಕೆ ಬಂತು. ಅಂಚಿನಲ್ಲಿ ಆ ಚಪ್ಪಲಿ. ಸುಳ್ಳು ಹೇಳಬಾರದು, ಟೀಚರ ಕೈಮೇಲಿನ ಕೂದಲೂ ನಿಂತಿತು. ಆಮೇಲೆ ಅವರು ಮಣ್ಣಿನಲ್ಲೇ ಮಗುವಿನ ಎತ್ತರಕ್ಕೆ ಕೂತು, ಹುಸೇನಮ್ಮ ಕೇಳುತ್ತಿದ್ದ ಪ್ರಶ್ನೆಗಳನ್ನೇ ಕೇಳಿದರು. ಕೈಮುಗಿಯಲಿಲ್ಲ ಅಷ್ಟೆ.

"ಗಟ್ಟಿಕೈ, ಇಲ್ಲಿ ನಿಂಗೇನು ಕೆಲಸ?"

"ಹಿಡಿಯೋದು."

"ಯಾರನ್ನ?"

"ರಾಮು ಮಾಮನ್ನ."

"ಮಾಮ ಊರಿಗೆ ಹೋದ ಅಂದ್ರಲ್ಲ ಎಲ್ಲಾರೂ."

ಕಾವೇರಿ ತಲೆ ಅಲ್ಲಾಡಿಸಿದಳು. "ಊರಿಗೆ ಹೋಗಾಕ ಬಸ್ ಹತ್ತತಾರ. ಮಾಮ ಮ್ಯಾಲಿಂದ ಬಂದ. ನಾ ನಳದ ಹತ್ರ ಇದ್ದೆ."

ಹಿಂದೆ ನಿಂತಿದ್ದ ಜಯಮಾಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಅವತ್ತು ಮಗು ನಲ್ಲಿಯ ಹತ್ತಿರ ಇದ್ದಿದ್ದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲು ಹಾಕುವ ಮೊದಲೇ ಅವಳು ಎಲ್ಲವನ್ನೂ ನೋಡಿದ್ದಳು.

"ಆಮೇಲೆ ಏನಾಯ್ತು ಕಂದ?"

"ನನ್ನ ಕೈಯಾಗ ತಂಬಗಿ ಇತ್ತು," ಅಂದಳು ಕಾವೇರಿ. ದನಿ ಈಗ ಅವಳದೇ. "ಅದಕ್ಕ ಹಿಡೀಲಿಲ್ಲ. ಈಗ ನನ್ನ ಕೈ ಖಾಲಿ ಅದಾವ. ಅಪ್ಪ ದಿನಾ ಮ್ಯಾಲ ಹೋಗ್ತಾನ."

ಅಷ್ಟೇ ಹೇಳಿ ಮತ್ತೆ ಮೇಲೆ ನೋಡತೊಡಗಿದಳು.

ಶಿವಪುತ್ರ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತಿದ್ದ. ಮೊದಲು ಮಾತಾಡಿದ್ದು ಹುಸೇನಮ್ಮ. ಅವಳ ಅನುಮಾನ ಇನ್ನೂ ಹೋಗಿರಲಿಲ್ಲ.

"ಆಟ ಅಂದ್ರ ನಗು ಇರತೈತಿ ಟೀಚರಮ್ಮ. ಈಕಿ ನಗವಲ್ಲಳು. ತಾ ಯಾರಂತ ಈಕಿಗೆ ಖಬರ್ ಇಲ್ಲ."

ಟೀಚರ್ ಕಾವೇರಿಯನ್ನೇ ಕೇಳಿದರು. ಈ ಬಟ್ಟೆ ಹಾಕ್ಕೊಂಡು ಆ ಮಹಡಿಯಿಂದ ಹಾರಿದ್ರೆ ಹಾರಬಹುದಾ ಅಂತ.

ಕಾವೇರಿ ಮುಖವಾಡವನ್ನು ಹಣೆಗೆ ಏರಿಸಿ, ಟೀಚರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನೋಡಿದಳು. "ಟೀಚರ್, ಇದು ಲೈನಿಂಗ್ ಬಟ್ಟಿ."

ಜಯಮಾಲಾ ಅಳುವಿನ ನಡುವೆಯೇ ನಕ್ಕುಬಿಟ್ಟಳು. ಟೀಚರ್ ಅಜ್ಜಿಯ ಕಡೆ ತಿರುಗಿದರು. ಮೂರರಿಂದ ಆರು ವರ್ಷದ ಮಕ್ಕಳು ಬೇರೆಯವರಾಗಿ ಆಡೋದು ಅವರ ದೊಡ್ಡ ಸುಖ ಅಂದರು. ದಿನವಿಡೀ ಎಲ್ಲರೂ ಅವರಿಗೆ ಏಳು, ಕೂರು, ಮುಟ್ಟಬೇಡ ಅನ್ನುತ್ತಾರೆ. ಒಂದು ಚೂರು ಬಟ್ಟೆ ಕಟ್ಟಿಕೊಂಡ ಕೂಡಲೇ ಅವರು ದೊಡ್ಡವರು, ಬಲ ಇರುವವರು, ನಾಲ್ಕು ಜನರನ್ನು ಉಳಿಸುವವರು. ಸಾಮಾನ್ಯವಾಗಿ ಆಟ ಯಾವುದು, ನಿಜ ಯಾವುದು ಅಂತ ಅವರಿಗೆ ಒಳಗೊಳಗೇ ಗೊತ್ತಿರುತ್ತದೆ. ನಗುವ ಆಟವೂ ಇರುತ್ತದೆ, ನಗದ ಆಟವೂ ಇರುತ್ತದೆ. ಮನಸ್ಸಿನಲ್ಲಿ ಹೆದರಿಕೆ ಕೂತಾಗ ಮಗು ಅದನ್ನು ಮಾತಿನಲ್ಲಿ ಹೇಳಲಾರದು, ಆಡಿ ತೋರಿಸುತ್ತದೆ. ವೇಷ ಕಿತ್ತುಕೊಂಡರೆ ಹೆದರಿಕೆ ಉಳಿಯುತ್ತದೆ, ಧೈರ್ಯ ಹೋಗುತ್ತದೆ. ನಾನು ಮಾಡಿಸಿದ್ದು ಅದನ್ನೇ ಅಂದರು.

"ಮತ್ತ ನಾ ಕೇಳಿದಾಗ ಆ ದನಿ ಯಾಕ ತೆಗೀತಿದ್ದಿ?" ಹುಸೇನಮ್ಮ ಮೊಮ್ಮಗಳನ್ನೇ ನೇರವಾಗಿ ಕೇಳಿದಳು. ಆ ಶುಕ್ರವಾರದ ಮೇಲೆ ಮೊದಲ ಸಲ ಅವಳನ್ನು ಹೆಸರಿನಿಂದ ಕರೆದಿದ್ದಳು. "ಹೇಳು ಕಾವೇರಿ."

"ನೀ ಚೊಲೋ ಆಡ್ತಿದ್ದೆಲ್ಲ ಅಜ್ಜಿ," ಅಂದಳು ಕಾವೇರಿ. "ಬ್ಯಾರೆ ಯಾರೂ ನಿನ್ನಂಗ ಆಡಂಗಿಲ್ಲ."

ಹುಸೇನಮ್ಮ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. ಇಷ್ಟು ದಿನ ಕುಂಕುಮ ಇಟ್ಟು, ಕೈಮುಗಿದು, ಹೆದರಿ ಕೇಳಿದ್ದೆಲ್ಲ ಮಗುವಿಗೆ ಅಜ್ಜಿ ಆಡಿದ ಆಟ. ಕೇಳಿದಷ್ಟೂ ಅದು ಹೇಳಿತ್ತು. ರಾಮು ಆದ ಮೇಲೆ ಯಾರು ಅಂತ ಕೇಳಿದ್ದು ತಾನೇ. ಆ ಪ್ರಶ್ನೆಗೆ ಮಗುವಿನ ಎದೆಯಲ್ಲಿ ಇದ್ದದ್ದು ಒಂದೇ ಹೆಸರು.

ಶಿವಪುತ್ರ ಹೊರಗೆ ಬಂದು ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಅವಳ ಕಾಲಿನ ಮಣ್ಣು ಒರೆಸಿದ.

"ರಾಮು ಮಾಮ ಊರಿಗೆ ಹೋಗಿಲ್ಲವ್ವ," ಅಂದ. "ಬಿದ್ದು ಸತ್ತ. ಇನ್ನ ಬರಂಗಿಲ್ಲ. ನಿನಗ ಸುಳ್ಳು ಹೇಳಿದ್ವಿ. ನೀ ಹಿಡೀಬೇಕಾಗಿದ್ದಿಲ್ಲ. ಅದು ಸಣ್ಣ ಮಕ್ಕಳ ಕೆಲಸ ಅಲ್ಲ."

ಕಾವೇರಿ ಅವನ ಮುಖವನ್ನೇ ನೋಡುತ್ತಿದ್ದಳು. ನಿನ್ನನ್ನು ಯಾರು ಹಿಡಿಯುತ್ತಾರೆ ಅಂತ ಕೇಳಿದಳು.

ಈ ಪ್ರಶ್ನೆಗೆ ಸುಳ್ಳು ಹೇಳುವುದು ಸುಲಭವಿತ್ತು. ಅವನು ಹೇಳಲಿಲ್ಲ. ಕಟ್ಟಡದವರು ಕೊಟ್ಟ ಸೇಫ್ಟಿ ಬೆಲ್ಟನ್ನು ಕೆಲಸ ನಿಧಾನವಾಗುತ್ತದೆ ಅಂತ ಅವನೂ ರಾಮುವೂ ಸರಿಯಾಗಿ ಹಾಕುತ್ತಿರಲಿಲ್ಲ. ಹೋಗಿ ಬೆಲ್ಟ್ ತಂದ. ಮಗಳ ಮುಂದೆಯೇ ಸೊಂಟಕ್ಕೆ, ಭುಜಕ್ಕೆ ಹಾಕಿಕೊಂಡು ಕೊಕ್ಕೆಯನ್ನು ಕಬ್ಬಿಣದ ಕಂಬಕ್ಕೆ ಸಿಕ್ಕಿಸಿದ. ಎಳೆದು ನೋಡು ಅಂದ. ಕಾವೇರಿ ಹಗ್ಗ ಹಿಡಿದು ಜೋತುಬಿದ್ದು ಎಳೆದಳು. ಕೊಕ್ಕೆ ಬಿಡಲಿಲ್ಲ. ಎರಡು ಕೈಯಿಂದ ಎಳೆದಳು. ಆಗಲೂ ಬಿಡಲಿಲ್ಲ.

"ಗಟ್ಟಿ ಐತಿ," ಅಂತ ಒಪ್ಪಿಕೊಂಡಳು. "ದಿನಾ ಹಾಕ್ಕೋತಿ?"

"ದಿನಾ ಹಾಕ್ಕೋತೀನಿ."

ಹುಸೇನಮ್ಮ ಎದ್ದು ಒಳಗೆ ಹೋಗಿ ಫೋನು ತಂದು ಸೊಸೆಯ ಕೈಗೆ ಕೊಟ್ಟು ನಂಬರು ಹಚ್ಚು ಅಂದಳು. ಆ ಕಡೆಯ ಮನುಷ್ಯ ಅಮಾವಾಸ್ಯೆ ತಪ್ಪಿಸಿದರೆ ಕೇಡು ಅಂತ ಹೆದರಿಸಿದ. ಅವಳು ಪೂರಾ ಕೇಳಿಸಿಕೊಂಡಳು. "ಬರಬ್ಯಾಡಪಾ," ಅಂದಳು. "ಹುಡುಗಿಗೆ ಏನೂ ಹಿಡಿದಿಲ್ಲ. ಹಿರೇರಾಗಿ ನಾವ ಹೆದರಿದ್ವಿ." ಆಮೇಲೆ ಮೊರದಲ್ಲಿದ್ದ ಬಳೆ ಚೂರುಗಳನ್ನು ಕಸಕ್ಕೆ ಹಾಕಿ ಬಂದಳು.

ಅಷ್ಟರಲ್ಲಿ ಶಿವಪುತ್ರ ಅಂಗಳದಲ್ಲಿದ್ದ ಒಂದು ಸಿಮೆಂಟ್ ಇಟ್ಟಿಗೆಯ ಮೇಲೆ ಹತ್ತಿ ನಿಂತಿದ್ದ. ನೆಲದಿಂದ ಅರ್ಧ ಅಡಿ. ಬೀಳ್ತೀನಿ ನೋಡು ಅಂದ. ಕಾವೇರಿ ಮುಖವಾಡ ಇಳಿಸಿಕೊಂಡು, ಕಾಲು ಅಗಲಿಸಿ, ಕೈ ಚಾಚಿ ನಿಂತಳು. ಅವನು ಧೊಪ್ಪೆಂದು ಅವಳ ಕೈಗೆ ಬಿದ್ದ ಹಾಗೆ ಮಾಡಿದ. ಇಬ್ಬರೂ ಮಣ್ಣಿಗೆ ಉರುಳಿದರು. ಎದ್ದಾಗ ಅವಳ ಹಲ್ಲಿನವರೆಗೂ ಮಣ್ಣು, ಬಾಯಿ ತುಂಬ ನಗು. ಇನ್ನೊಮ್ಮೆ ಅಂದಳು. ಕತ್ತಲಾಗುವವರೆಗೆ ಅವನು ಹದಿನೇಳು ಸಲ ಬಿದ್ದ. ಹುಸೇನಮ್ಮನೂ ಒಂದು ಸಲ ಬಿದ್ದಳು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಆಮೇಲೂ ಎಂಟು ಹತ್ತು ದಿನ ಕಾವೇರಿ ಸಂಜೆ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಯಾರೂ ಬೈಯಲಿಲ್ಲ. ಅಜ್ಜಿ ಪಕ್ಕದಲ್ಲಿ ನಿಂತುಕೊಳ್ಳುತ್ತಿದ್ದಳು. ರಾಮುವಿನ ಚಪ್ಪಲಿಯನ್ನು ಶಿವಪುತ್ರ ಕೆಳಗೆ ತಂದು ಊರಿನಲ್ಲಿದ್ದ ಅವನ ಅಣ್ಣನಿಗೆ ಕಳಿಸಿದ. ಒಂದು ದಿನ ಕಾವೇರಿ ನಿಲ್ಲುವುದನ್ನು ಮರೆತು ಮಕ್ಕಳ ಜೊತೆ ಓಡಿದಳು. ಫಾಯಿಜಾ ಕೆಂಪು ಬಟ್ಟೆಗೆ ಭುಜದಲ್ಲಿ ಪ್ರೆಸ್ ಬಟನ್ ಹಾಕಿಕೊಟ್ಟರು. ಎಳೆದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಕುತ್ತಿಗೆಗೆ ಸುತ್ತುವುದಿಲ್ಲ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ಎಲ್ಲ ಮಕ್ಕಳೂ ಕಾವೇರಿಯ ಹಾಗಿರುವುದಿಲ್ಲ. ಬಹಳಷ್ಟು ಮಕ್ಕಳು ಬರೀ ಸಂತೋಷಕ್ಕೆ ಟವಲ್ ಕಟ್ಟಿಕೊಂಡು ಹಾರುತ್ತಾರೆ. ಹಾರಲಿ ಬಿಡಿ. ಅದಕ್ಕೆ ದುಬಾರಿ ವೇಷ ಬೇಡ, ಹಳೆ ದುಪಟ್ಟಾ ಸಾಕು. ಕುತ್ತಿಗೆಗೆ ಗಂಟು ಮಾತ್ರ ಹಾಕಬೇಡಿ. ಆಟ ನೆಲದ ಮೇಲೆ ಇರಲಿ, ಟೆರೇಸು, ಮೆಟ್ಟಿಲು, ಕಟ್ಟಡದ ಗುಂಡಿಯ ಹತ್ತಿರ ಬೇಡ. ಅಕ್ಕಪಕ್ಕದಲ್ಲಿ ಸಾವಾದರೆ ಮಗುವಿಗೆ ಸಣ್ಣ ಮಾತಿನಲ್ಲಿ ನಿಜ ಹೇಳಿ. ಮಗು ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ ಅಂಗನವಾಡಿಗೋ ಆರೋಗ್ಯ ಕೇಂದ್ರಕ್ಕೋ ಕರೆದುಕೊಂಡು ಹೋಗಿ. ಯಾರಾದರೂ ಮಗುವಿಗೆ ಬರೆ ಹಾಕಲು ಹೊರಟರೆ ತಡೆಯಿರಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ.

ಇವತ್ತು ಸಂಜೆ ನಿಮ್ಮ ಮನೆಯ ಮಗು ಹೆಗಲಿಗೆ ಬಟ್ಟೆ ಹಾಕಿಕೊಂಡು ಬಂದು, ನಾನು ಯಾರು ಗೊತ್ತಾ ಅಂತ ಕೇಳಬಹುದು. ಒಲೆ ಸಣ್ಣ ಮಾಡಿ, ಐದು ನಿಮಿಷ ಅದರ ಎತ್ತರಕ್ಕೆ ಕೂತು, ನೀನು ಯಾರನ್ನು ಉಳಿಸುತ್ತೀಯ ಅಂತ ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಅದು ಹೇಳುವ ಹೆಸರು ನಿಮ್ಮದೇ ಇರಬಹುದು.